ಕರ್ನೆಲ್ ಕೋಡಿನಲ್ಲಿ ಕಲ್ಲು ಆರಿಸುವುದು: ಸ್ಪಾರ್ಸ್, ಸ್ಮ್ಯಾಚ್, ಕಾಕ್ಸಿನೆಲ್ ಬಳಸುವ ಬಗೆ

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ನನ್ನನ್ನು ಸುತ್ತಿ ಬಳಸಿ ಕೇಳುವುದು ಒಂದೇ ಪ್ರಶ್ನೆ: “ಸರ್, ಲಿನಕ್ಸ್ ಕರ್ನೆಲ್‌ಗೆ ಒಂದು ಪ್ಯಾಚ್, ಅಂದ್ರೆ ಕೋಡಿನ ತಿದ್ದುಪಡಿ, ಕಳಿಸಬೇಕು ಅಂತ ತಪ್ಪು ಹುಡುಕೋ ಟೂಲ್ ಓಡಿಸಿದೆ. ರಾಶಿ ವಾರ್ನಿಂಗ್ ಬಂದವು. ಮೊದಲನೇದನ್ನು ಸರಿ ಮಾಡಿ ಕಳಿಸಿದೆ. ಉತ್ತರಾನೇ ಇಲ್ಲ. ಯಾಕೆ?” ಚಿತ್ರದುರ್ಗದಿಂದ ಬರುವ ಮೆಸೇಜುಗಳದ್ದೂ ಇದೇ ಕಥೆ. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬರೆದು ಬೆರಳು ಸೋತಿವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಯಾಕೆ ಅನ್ನುವುದಕ್ಕೆ ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಟೂಲ್ ಕೊಡುವ ವಾರ್ನಿಂಗ್ ಒಂದು ಅನುಮಾನ ಅಷ್ಟೆ. ಅದನ್ನು ನೀವು ತೀರ್ಪು ಅಂದುಕೊಂಡಿರಿ.

ಪ್ರೋಗ್ರಾಂ ಓಡಿಸದೆ, ಬರೆದ ಕೋಡನ್ನು ಓದಿಯೇ ತಪ್ಪು ಹುಡುಕುವುದಕ್ಕೆ ಸ್ಟ್ಯಾಟಿಕ್ ಅನಾಲಿಸಿಸ್ ಎನ್ನುತ್ತಾರೆ. ಸ್ಪಾರ್ಸ್, ಸ್ಮ್ಯಾಚ್, ಕಾಕ್ಸಿನೆಲ್ ಇದಕ್ಕೆಂದೇ ಇರುವ ಟೂಲುಗಳು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವ ಕೆಲಸ ಇದು. ಅನ್ನ ಬೆಂದ ಮೇಲೆ ಕಲ್ಲು ಸಿಗುವುದು ಕೈಗಲ್ಲ, ಹಲ್ಲಿಗೆ. ಮಾಮೂಲಿ ಪ್ರೋಗ್ರಾಂ ಬಿದ್ದರೆ ಅದೊಂದೇ ಬೀಳುತ್ತದೆ. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಅದು ಬಿದ್ದರೆ ಇಡೀ ಮಷಿನ್ ಮಲಗುತ್ತದೆ. ಜೊತೆಗೆ ಕರ್ನೆಲ್ಲಿನಲ್ಲಿರುವ ಸಾವಿರಾರು ಡ್ರೈವರುಗಳ ಹಾರ್ಡ್‌ವೇರ್ ನಿಮ್ಮ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಓಡಿಸಿ ನೋಡುವಂತಿಲ್ಲ, ಓದಿಯೇ ಹುಡುಕಬೇಕು.

ಮೊರದಲ್ಲಿ ಕಲ್ಲಿನಂತೆ ಕಾಣುವ ಅಕ್ಕಿಯ ಕಾಳೂ ಇರುತ್ತದೆ. ಅದನ್ನು ಫಾಲ್ಸ್ ಪಾಸಿಟಿವ್ ಎನ್ನುತ್ತಾರೆ. ಇಲ್ಲಿ ಹುಸಿ ಎಚ್ಚರಿಕೆ ಎಂದು ಬರೆಯುತ್ತೇನೆ. ಬಹುಕಾಲದಿಂದ ಹಾಗೇ ಉಳಿದಿರುವ ವಾರ್ನಿಂಗುಗಳಲ್ಲಿ ಹುಸಿಯೇ ಹೆಚ್ಚು. ನಿಜವಾದವನ್ನು ಯಾರೋ ಆಗಲೇ ಆರಿಸಿ ಎಸೆದಿರುತ್ತಾರೆ.

ಇನ್ನೊಂದು ವಿಷಯ. ಆಜ್ಞೆಗಳನ್ನೂ ಕೋಡನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಕಾಪಿ ಮಾಡಿ ಅಂಟಿಸಲು ಬರುವುದಿಲ್ಲ ಎಂದು ಬೇಸರಿಸಬೇಡಿ. ಆಜ್ಞೆಯನ್ನು ಕೈಯಾರೆ ಹೊಡೆದವರಿಗೆ ಅದರ ಅರ್ಥ ನೆನಪಿರುತ್ತದೆ.

ಏನೇನು ಬೇಕು

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಡಿಸ್ಕಿನಲ್ಲಿ ಒಂದು 40 ಜಿಬಿ ಖಾಲಿ ಇಟ್ಟುಕೊಳ್ಳಿ. ಉಬುಂಟು, ಡೆಬಿಯನ್, ಫೆಡೋರಾ ಯಾವುದಾದರೂ ಸರಿ. ವಿಂಡೋಸ್ ಬಿಡಲಾರೆ ಅನ್ನುವವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಬಳಸಬಹುದು, ಆದರೆ ಕರ್ನೆಲ್ ಸೋರ್ಸನ್ನು ಸಿ ಡ್ರೈವಿನಲ್ಲಿ ಇಡಬೇಡಿ. ಲಿನಕ್ಸಿನದೇ ಹೋಮ್ ಫೋಲ್ಡರಿನಲ್ಲಿ ಇಡಿ. ಕರ್ನೆಲ್ಲಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳಲ್ಲಿ ಮಾತ್ರ ವ್ಯತ್ಯಾಸವಿರುವ ಒಂದೇ ಹೆಸರಿನ ಫೈಲುಗಳಿವೆ. ವಿಂಡೋಸ್ ಅವೆರಡನ್ನೂ ಒಂದೇ ಎಂದುಕೊಂಡು ಒಂದನ್ನು ನುಂಗಿಬಿಡುತ್ತದೆ. ನೀವು ಏನನ್ನೂ ಮುಟ್ಟದಿದ್ದರೂ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ “ಫೈಲ್ ಬದಲಾಗಿದೆ” ಎಂದು ಹೇಳಲು ಶುರುಮಾಡಿದರೆ ಕಾರಣ ಇದೇ.

ಸಿ ಭಾಷೆ ಬರಬೇಕು. ಪಾಯಿಂಟರ್, ಸ್ಟ್ರಕ್ಟ್, ಗೋಟು, ಈ ಮೂರರಲ್ಲಿ ತಡವರಿಸುವವರು ಮೊದಲು ಅದನ್ನು ಗಟ್ಟಿ ಮಾಡಿಕೊಂಡು ಬನ್ನಿ. ಗೋಟು ಕೆಟ್ಟದ್ದು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದನ್ನು ಇಲ್ಲಿ ಮರೆಯಿರಿ. ಕರ್ನೆಲ್ಲಿನಲ್ಲಿ ತಪ್ಪು ನಿಭಾಯಿಸುವ ರೀತಿಯೇ ಅದು.

ಹಂತ 1: ಸೋರ್ಸ್ ತರುವುದು

ಹಾಸ್ಟೆಲ್ ವೈಫೈಯಲ್ಲಿ ಗಿಟ್ ಕ್ಲೋನ್ ಹೊಡೆದು, ಅರ್ಧಕ್ಕೆ ನಿಂತು, ಮತ್ತೆ ಮೊದಲಿಂದ ಶುರುಮಾಡಿದವರು ಎಷ್ಟೋ ಜನ. ಗಿಟ್ ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ. ಅದಕ್ಕೇ ಕರ್ನೆಲ್ ಡಾಟ್ ಆರ್ಗ್‌ನಲ್ಲಿ ಕ್ಲೋನ್ ಬಂಡಲ್ ಎಂಬ ಒಂದೇ ದೊಡ್ಡ ಫೈಲ್ ಇಟ್ಟಿದ್ದಾರೆ. ಡಬ್ಲ್ಯುಗೆಟ್ ಆಜ್ಞೆಗೆ “-ಸಿ” ಸೇರಿಸಿ ಅದನ್ನು ಇಳಿಸಿಕೊಳ್ಳಿ. ಕರೆಂಟ್ ಹೋದರೂ ನೆಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆಮೇಲೆ ಆ ಬಂಡಲಿನಿಂದ ಕ್ಲೋನ್ ಮಾಡಿ, ಮೂಲ ವಿಳಾಸ ಜೋಡಿಸಿ, ಗಿಟ್ ಪುಲ್ ಮಾಡಿ.

“ಡೆಪ್ತ್ 1” ಎಂದು ಕೊಟ್ಟು ಇತಿಹಾಸವಿಲ್ಲದ ಚಿಕ್ಕ ಪ್ರತಿ ತರಬಹುದಲ್ಲ ಎಂದು ಕೇಳುತ್ತೀರಿ. ತರಬಹುದು, ಟೂಲುಗಳು ಅದರ ಮೇಲೂ ಓಡುತ್ತವೆ. ಆದರೆ ಈ ತಪ್ಪು ಯಾವಾಗ, ಯಾವ ಬದಲಾವಣೆಯಿಂದ ಬಂತು ಎಂದು ಹುಡುಕುವ ಹೊತ್ತಿಗೆ ಇತಿಹಾಸ ಬೇಕೇ ಬೇಕು. ಒಮ್ಮೆ ಕಷ್ಟಪಟ್ಟು ಪೂರ್ತಿ ತಂದುಬಿಡಿ.

ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರ ಮುಖ್ಯ ಮರದ (ಸೋರ್ಸಿನ ಮೂಲ ಪ್ರತಿಗೆ ಮರ ಎನ್ನುತ್ತಾರೆ) ಜೊತೆಗೆ ಲಿನಕ್ಸ್-ನೆಕ್ಸ್ಟ್ ಎಂಬ ಮರವನ್ನೂ ರಿಮೋಟ್ ಆಗಿ ಸೇರಿಸಿಕೊಳ್ಳಿ. ಮುಂದಿನ ಆವೃತ್ತಿಗೆ ಸಿದ್ಧವಾದ ಬದಲಾವಣೆಗಳೆಲ್ಲ ಅಲ್ಲಿ ಮೊದಲು ಸೇರುತ್ತವೆ. ನೀವು ಕಂಡುಹಿಡಿದ ತಪ್ಪನ್ನು ಮೂರು ವಾರದ ಹಿಂದೆಯೇ ಯಾರೋ ಸರಿಮಾಡಿರುವುದು ಅಲ್ಲಿ ನೋಡಿದರೆ ತಿಳಿಯುತ್ತದೆ.

ಹಂತ 2: ಕಾನ್ಫಿಗ್, ಮತ್ತು ಒಂದೇ ಫೋಲ್ಡರ್

ಕರ್ನೆಲ್ಲಿನಲ್ಲಿ ಯಾವ ಯಾವ ಭಾಗ ಸೇರಬೇಕು ಎಂಬ ಪಟ್ಟಿಗೆ ಕಾನ್ಫಿಗ್ ಎನ್ನುತ್ತಾರೆ. ಪಟ್ಟಿಯಲ್ಲಿಲ್ಲದ ಫೈಲ್ ಕಂಪೈಲ್ ಆಗುವುದಿಲ್ಲ. ಕಂಪೈಲ್ ಆಗದ ಫೈಲನ್ನು ಸ್ಪಾರ್ಸ್, ಸ್ಮ್ಯಾಚ್ ನೋಡುವುದೂ ಇಲ್ಲ. “ನನ್ನ ಡ್ರೈವರಿನಲ್ಲಿ ಒಂದೂ ವಾರ್ನಿಂಗ್ ಇಲ್ಲ ಸರ್” ಎಂದು ಖುಷಿಪಟ್ಟವರಿಗೆ ನಾನು ಮೊದಲು ಕೇಳುವುದು: ಆ ಫೈಲ್ ಕಂಪೈಲ್ ಆಗಿ ಅದರ ಡಾಟ್-ಒ ಫೈಲ್ ಹುಟ್ಟಿದೆಯಾ ನೋಡಿದೆಯಾ?

ಹೆಚ್ಚು ಫೈಲುಗಳು ಸೇರಲಿ ಎಂದು ಹೀಗೆ ಕೊಡಿ:

ಮೇಕ್ ಆಲ್‌ಮಾಡ್‌ಕಾನ್ಫಿಗ್

ಆದರೆ ಇಡೀ ಕರ್ನೆಲ್ ಕಂಪೈಲ್ ಮಾಡಲು ಹೋಗಬೇಡಿ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ನಮ್ಮಂಥವರ ಲ್ಯಾಪ್‌ಟಾಪು ಆ ಕೆಲಸಕ್ಕೆ ಬೆವರುತ್ತದೆ, ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಒಂದು ಫೋಲ್ಡರ್ ಆರಿಸಿಕೊಳ್ಳಿ. ನಾನು ಹೇಳುವುದು ಡ್ರೈವರ್ಸ್ ಒಳಗಿನ ಐಐಒ. ಉಷ್ಣಾಂಶ, ಬೆಳಕು, ಒತ್ತಡ ಅಳೆಯುವ ಸೆನ್ಸರುಗಳ ಡ್ರೈವರುಗಳು ಅಲ್ಲಿವೆ. ಫೈಲುಗಳು ಚಿಕ್ಕವು, ಒಂದೇ ಅಚ್ಚಿನವು. ನಾಲ್ಕು ಫೈಲ್ ಓದಿದರೆ ಐದನೆಯದು ತಾನೇ ಅರ್ಥವಾಗುತ್ತದೆ.

ಮೇಕ್ ಡಬ್ಲ್ಯು=1 ಡ್ರೈವರ್ಸ್/ಐಐಒ/

ಕೊನೆಯ ಓರೆಗೆರೆ ಮರೆಯಬೇಡಿ. ಡಬ್ಲ್ಯು ದೊಡ್ಡಕ್ಷರ. ಕಂಪೈಲರ್ ಮಾಮೂಲಾಗಿ ಹೇಳದೆ ಬಿಡುವ ಇನ್ನಷ್ಟು ವಾರ್ನಿಂಗುಗಳನ್ನು ಇದು ಹೇಳಿಸುತ್ತದೆ. ಎಷ್ಟೋ ಜನ ಇದನ್ನು ಬಿಟ್ಟು ನೇರ ದೊಡ್ಡ ಟೂಲಿಗೆ ಹಾರುತ್ತಾರೆ. ಕಂಪೈಲರಿಗಿಂತ ಚೆನ್ನಾಗಿ ಕೋಡ್ ಓದುವವರು ಯಾರು? ಅದರ ಮಾತನ್ನು ಮೊದಲು ಕೇಳಿ.

ಹಂತ 3: ಸ್ಪಾರ್ಸ್

ಸ್ಪಾರ್ಸನ್ನು 2003ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರೇ ಶುರುಮಾಡಿದರು. ಸಿ ಕಂಪೈಲರಿಗೆ ಪಾಯಿಂಟರ್ ಎಂದರೆ ಪಾಯಿಂಟರ್. ಆದರೆ ಕರ್ನೆಲ್ಲಿಗೆ ಅದರಲ್ಲಿ ಜಾತಿಗಳಿವೆ. ಬಳಕೆದಾರನ ಪ್ರೋಗ್ರಾಮಿನಿಂದ ಬಂದ ಪಾಯಿಂಟರಿಗೆ __ಯೂಸರ್ ಎಂಬ ಗುರುತು, ಹಾರ್ಡ್‌ವೇರಿನ ರಿಜಿಸ್ಟರ್ ತೋರಿಸುವುದಕ್ಕೆ __ಐಒಮೆಮ್ ಎಂಬ ಗುರುತು. __ಯೂಸರ್ ಗುರುತಿನದನ್ನು ಕಾಪಿ-ಫ್ರಮ್-ಯೂಸರ್ ಮುಖಾಂತರವೇ ಓದಬೇಕು. ನೇರ ಕೈ ಹಾಕಿದರೆ, ಕೆಟ್ಟ ಪ್ರೋಗ್ರಾಂ ಕೊಟ್ಟ ಸುಳ್ಳು ವಿಳಾಸವನ್ನು ಕರ್ನೆಲ್ ನಂಬಿದಂತಾಯಿತು. ಈ ಗುರುತುಗಳನ್ನು ಓದಿ ಕಲಬೆರಕೆ ಹಿಡಿಯುವುದು ಸ್ಪಾರ್ಸಿನ ಮುಖ್ಯ ಕೆಲಸ.

ಎರಡನೆಯ ಕೆಲಸ ಎಂಡಿಯನ್. ಒಂದು ಸಂಖ್ಯೆಯ ನಾಲ್ಕು ಬೈಟುಗಳಲ್ಲಿ ಚಿಕ್ಕ ಬೆಲೆಯದನ್ನು ಮೊದಲು ಇಡಬೇಕೋ ದೊಡ್ಡದನ್ನೋ ಎಂಬ ರೂಢಿ ಅದು. ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ಚಿಕ್ಕದನ್ನು ಮೊದಲು ಇಡುತ್ತದೆ, ನೆಟ್‌ವರ್ಕಿನ ರೂಢಿ ದೊಡ್ಡದು ಮೊದಲು. ತಿರುಗಿಸಲು ಮರೆತರೆ 1 ಎಂಬ ಸಂಖ್ಯೆ 1,67,77,216 ಆಗಿಬಿಡುತ್ತದೆ. ಇದರ ಕಿರಿಕಿರಿ ಏನೆಂದರೆ, ಚಿಕ್ಕದು-ಮೊದಲು ಎಂದು ಬರುವ ದತ್ತಾಂಶವನ್ನು ತಿರುಗಿಸದೆ ಬಿಟ್ಟರೂ ನಿಮ್ಮ ಮಷಿನ್ನಿನಲ್ಲಿ ಎಲ್ಲ ಸರಿಯಾಗಿಯೇ ಓಡುತ್ತದೆ. ಬೇರೆ ಜಾತಿಯ ಪ್ರೊಸೆಸರಿನಲ್ಲಿ ಮಾತ್ರ ಕೈಕೊಡುತ್ತದೆ. ಪರೀಕ್ಷೆ ಮಾಡಿ ಹಿಡಿಯಲಾಗದ್ದನ್ನು ಸ್ಪಾರ್ಸ್ ಓದಿಯೇ ಹಿಡಿಯುತ್ತದೆ.

ಡಿಸ್ಟ್ರೋದ ಜೊತೆ ಬರುವ ಸ್ಪಾರ್ಸ್ ಹಳೆಯದಾಗಿದ್ದರೆ ಹೊಸ ಕರ್ನೆಲ್ ನೋಡಿ ಅರ್ಥವಿಲ್ಲದ ದೂರು ಹೇಳುತ್ತದೆ. ಗಿಟ್‌ನಿಂದ ತಂದು ಮೇಕ್ ಹೊಡೆದರೆ ನಿಮಿಷದೊಳಗೆ ಸಿದ್ಧ. ಓಡಿಸುವುದು ಹೀಗೆ:

ಮೇಕ್ ಸಿ=2 ಡ್ರೈವರ್ಸ್/ಐಐಒ/

ಇಲ್ಲಿ ಎಡವುವ ಜಾಗಗಳು ನಾಲ್ಕು.

ಸಿ=1 ಎಂದು ಕೊಟ್ಟರೆ ಈಗ ಹೊಸದಾಗಿ ಕಂಪೈಲ್ ಆಗುವ ಫೈಲುಗಳನ್ನು ಮಾತ್ರ ನೋಡುತ್ತದೆ. ಎರಡನೆಯ ಸಲ ಅದೇ ಆಜ್ಞೆ ಹೊಡೆದರೆ ಕಂಪೈಲ್ ಮಾಡಲು ಏನೂ ಉಳಿದಿಲ್ಲ, ಹಾಗಾಗಿ ವಾರ್ನಿಂಗೂ ಇಲ್ಲ. ಅದನ್ನು ನೋಡಿ “ನನ್ನ ಪ್ಯಾಚಿನಿಂದ ವಾರ್ನಿಂಗ್ ಹೋಯಿತು” ಎಂದು ನಂಬಿದವರಿದ್ದಾರೆ. ಸಿ=2 ಎಂದರೆ ಎಲ್ಲವನ್ನೂ ಮತ್ತೆ ನೋಡುತ್ತದೆ.

ವಾರ್ನಿಂಗುಗಳು ಬರುವುದು ಸ್ಟ್ಯಾಂಡರ್ಡ್ ಎರರ್ ಎಂಬ ಬೇರೆ ಕಾಲುವೆಯಲ್ಲಿ. ಬರಿ “>” ಹಾಕಿ ಫೈಲಿಗೆ ತುಂಬಿಸಿದರೆ ಫೈಲಿನಲ್ಲಿ ಸಿಗುವುದು ಕಂಪೈಲ್ ಆದ ಫೈಲುಗಳ ಹೆಸರು ಮಾತ್ರ. “2>&1” ಸೇರಿಸಿ.

ಮೂರನೆಯದು ದೊಡ್ಡ ಪಾಪ. __ಫೋರ್ಸ್ ಎಂದು ಕ್ಯಾಸ್ಟ್ ಹಾಕಿದರೆ ಸ್ಪಾರ್ಸ್ ಬಾಯಿ ಮುಚ್ಚುತ್ತದೆ. ತಪ್ಪು ಮಾತ್ರ ಅಲ್ಲೇ ಇರುತ್ತದೆ. ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರ್ ಒಡೆದ ಹಾಗೆ. ಪ್ಯಾಚಿನಲ್ಲಿ __ಫೋರ್ಸ್ ಕಂಡರೆ ಮೇಂಟೇನರ್, ಅಂದರೆ ಆ ಭಾಗದ ಉಸ್ತುವಾರಿ, ಮುಂದಕ್ಕೆ ಓದುವುದು ಅನುಮಾನ.

ನಾಲ್ಕನೆಯದು “ಈ ಹೆಸರು ಎಲ್ಲೂ ಘೋಷಣೆಯಾಗಿಲ್ಲ, ಸ್ಟ್ಯಾಟಿಕ್ ಆಗಬೇಕಿತ್ತೇ?” ಎಂಬ ವಾರ್ನಿಂಗ್. ಹೊಸಬರೆಲ್ಲ ಮೊದಲು ಹಾರುವುದು ಇದರ ಮೇಲೆ. ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ, ಟೂಲೇ ಅಲ್ಲಿ ಕೇಳುತ್ತಿದೆ. ಆ ಹೆಸರನ್ನು ಬೇರೆ ಫೈಲ್ ಬಳಸುತ್ತಿದ್ದರೆ ಬೇಕಿರುವುದು ಸ್ಟ್ಯಾಟಿಕ್ ಅಲ್ಲ, ಹೆಡರ್ ಫೈಲ್. ಗಿಟ್ ಗ್ರೆಪ್ ಆಜ್ಞೆಯಿಂದ ಆ ಹೆಸರನ್ನು ಎಲ್ಲ ಫೈಲುಗಳಲ್ಲಿ ಹುಡುಕಿ ನೋಡದೆ ಮುಟ್ಟಬೇಡಿ.

ಹಂತ 4: ಸ್ಮ್ಯಾಚ್

ಸ್ಪಾರ್ಸ್ ನೋಡುವುದು ಜಾತಿ, ಸ್ಮ್ಯಾಚ್ ನೋಡುವುದು ದಾರಿ. ಇದು ಡ್ಯಾನ್ ಕಾರ್ಪೆಂಟರ್ ಅವರ ಟೂಲ್, ಸ್ಪಾರ್ಸಿನ ಅಡಿಪಾಯದ ಮೇಲೆಯೇ ಕಟ್ಟಿದ್ದು. ಒಂದು ಫಂಕ್ಷನ್ನಿನೊಳಗೆ ಯಾವ ದಾರಿಯಲ್ಲಿ ಹೋದರೆ ಯಾವ ವೇರಿಯಬಲ್‌ಗೆ ಯಾವ ಬೆಲೆ ಇರುತ್ತದೆ ಎಂದು ಲೆಕ್ಕ ಇಟ್ಟುಕೊಂಡು ಹೋಗುತ್ತದೆ. ಲಾಕ್ ಹಾಕಿ ಬಿಡದೆ ಹೊರಟ ದಾರಿ, ಬೆಲೆ ಕೊಡದೆ ಬಳಸಿದ ವೇರಿಯಬಲ್, ಬಿಡುಗಡೆ ಮಾಡದ ಮೆಮೊರಿ, ಇವೆಲ್ಲ ಅದರ ಬಲೆಗೆ ಬೀಳುತ್ತವೆ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ದುರ್ಗದ ಕೋಟೆಗೆ ಏಳು ಸುತ್ತು, ದೊಡ್ಡ ದೊಡ್ಡ ಬಾಗಿಲು. ಶತ್ರು ನುಸುಳಿದ್ದು ಕಿಂಡಿಯಲ್ಲಿ. ಕರ್ನೆಲ್ಲಿನ ಕಿಂಡಿಯ ಹೆಸರು ಎರರ್ ಪಾತ್: ಏನಾದರೂ ವಿಫಲವಾದಾಗ ಮಾತ್ರ ಹಿಡಿಯುವ ದಾರಿ. ಮುಖ್ಯ ದಾರಿಯಲ್ಲಿ ದಿನಕ್ಕೆ ಲಕ್ಷ ಸಲ ಕೋಡ್ ಓಡುತ್ತದೆ, ತಪ್ಪಿದ್ದರೆ ಬೇಗ ಸಿಕ್ಕಿಬೀಳುತ್ತದೆ. ಎರರ್ ಪಾತ್ ವರ್ಷಗಟ್ಟಲೆ ಓಡದೆ ಇರಬಹುದು.

ಸ್ಮ್ಯಾಚ್ ಹೇಳುವ ಹೆಸರಾಂತ ವಾರ್ನಿಂಗ್ “ಪರೀಕ್ಷಿಸುವ ಮೊದಲೇ ಬಳಸಲಾಗಿದೆ” ಎಂಬುದು. ಕ್ಷುಲ್ಲಕ ಎನಿಸಬಹುದು. 2009ರಲ್ಲಿ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಇದೇ ಆಗಿತ್ತು. ಒಂದು ಸಾಲಿನಲ್ಲಿ ಟನ್ ಎಂಬ ಪಾಯಿಂಟರಿನೊಳಗಿಂದ ಸಾಕೆಟ್ ತೆಗೆದುಕೊಂಡು, ಅದರ ಕೆಳಗೆ “ಟನ್ ನಲ್ ಆಗಿದೆಯೇ” ಎಂದು ಪರೀಕ್ಷಿಸಿದ್ದರು. ಜಿಸಿಸಿ ಕಂಪೈಲರ್ ತನ್ನ ತರ್ಕ ಓಡಿಸಿತು: ಆಗಲೇ ಬಳಸಿದ್ದಾರೆ, ಅಂದಮೇಲೆ ನಲ್ ಆಗಿರಲಾರದು, ಪರೀಕ್ಷೆ ದಂಡ. ಪರೀಕ್ಷೆಯನ್ನೇ ಅಳಿಸಿಹಾಕಿತು. ಆ ಸಂದಿಯಿಂದ ಮಾಮೂಲಿ ಬಳಕೆದಾರನೊಬ್ಬ ಮಷಿನ್ನಿನ ಪೂರ್ಣ ಅಧಿಕಾರ ಪಡೆಯುವ ದಾಳಿ ಕೋಡ್ ಹೊರಬಂತು. ಆಮೇಲೆ ಕರ್ನೆಲ್ ಕಟ್ಟುವಾಗ “ನಲ್ ಪರೀಕ್ಷೆ ಅಳಿಸಬೇಡ” ಎಂದು ಕಂಪೈಲರಿಗೆ ಹೇಳುವ ಆಯ್ಕೆ ಸೇರಿಸಿದರು.

ಸ್ಮ್ಯಾಚ್ ಕಟ್ಟಲು ಎಸ್‌ಕ್ಯುಲೈಟ್ 3ರ ಡೆವಲಪ್‌ಮೆಂಟ್ ಪ್ಯಾಕೇಜ್ ಮೊದಲು ಹಾಕಿಕೊಳ್ಳಿ. ಕಟ್ಟಿದ ಮೇಲೆ ಕರ್ನೆಲ್ ಫೋಲ್ಡರಿನಲ್ಲಿ ನಿಂತು:

ಮೇಕ್ ಚೆಕ್="~/ಸ್ಮ್ಯಾಚ್/ಸ್ಮ್ಯಾಚ್ -ಪಿ=ಕರ್ನೆಲ್" ಸಿ=2 ಡ್ರೈವರ್ಸ್/ಐಐಒ/

ಚೆಕ್ ಪೂರ್ತಿ ದೊಡ್ಡಕ್ಷರ. “-ಪಿ=ಕರ್ನೆಲ್” ಬಿಟ್ಟರೆ ಕರ್ನೆಲ್ಲಿಗೆಂದೇ ಬರೆದ ಪರೀಕ್ಷೆಗಳು ಓಡುವುದಿಲ್ಲ. ಒಂದೇ ಫೈಲ್ ನೋಡಲು ಸ್ಮ್ಯಾಚ್ ಸ್ಕ್ರಿಪ್ಟುಗಳ ಫೋಲ್ಡರಿನಲ್ಲಿ ಕೆಚೆಕರ್ ಎಂಬ ಪುಟ್ಟ ಸ್ಕ್ರಿಪ್ಟ್ ಇದೆ, ನಾನು ದಿನಾ ಬಳಸುವುದು ಅದನ್ನೇ.

ಒಂದು ಫಂಕ್ಷನ್ ಇನ್ನೊಂದನ್ನು ಕರೆಯುವ ಸಂಬಂಧವನ್ನೂ ಸ್ಮ್ಯಾಚ್ ತಿಳಿಯಬೇಕೆಂದರೆ ಇಡೀ ಕರ್ನೆಲ್ಲಿನ ಡೇಟಾಬೇಸ್ ಕಟ್ಟಬೇಕು. ಅದಕ್ಕೂ ಸ್ಕ್ರಿಪ್ಟ್ ಇದೆ. ರಾತ್ರಿ ಮಲಗುವಾಗ ಹಚ್ಚಿ, ಬೆಳಗ್ಗೆ ಬೆಣ್ಣೆದೋಸೆ ತಿಂದು ಬಂದರೂ ಮುಗಿದಿರದೆ ಇರಬಹುದು. ಮತ್ತೆ ಮತ್ತೆ ಕಟ್ಟಿದಷ್ಟೂ ಕರೆಗಳ ಸರಪಳಿಯನ್ನು ಒಂದೊಂದು ಮೆಟ್ಟಿಲು ಆಳಕ್ಕೆ ಅರಿಯುತ್ತದೆ. ಮೊದಲ ತಿಂಗಳು ಇದರ ಗೊಡವೆ ಬೇಡ.

ಹಂತ 5: ವಾರ್ನಿಂಗ್ ಓದುವುದು

ನಿಜವಾದ ಕೆಲಸ ಇದೇ. ಮೇಲಿನದೆಲ್ಲ ಒಂದು ಮಧ್ಯಾಹ್ನದ ಮಾತು, ಇದು ವರ್ಷಗಳ ಅಭ್ಯಾಸ. ಸ್ಮ್ಯಾಚ್ “ರೆಟ್‌ನಲ್ಲಿ ಎರರ್ ಕೋಡ್ ಇಲ್ಲ” ಎಂದು ಹೇಳಿತು ಅನ್ನಿ. ಹೆಸರುಗಳನ್ನು ಕನ್ನಡ ಮಾಡಿ ಒಂದು ಮಾದರಿ ಕೊಡುತ್ತೇನೆ:

ರೆಟ್ = ಚಿಪ್_ಎಬ್ಬಿಸು(ಚಿಪ್);
ಇಫ್ (ರೆಟ್)
    ರಿಟರ್ನ್ ರೆಟ್;
ಚಿಪ್->ಗಡಿಯಾರ = ಸಿಎಲ್‌ಕೆ_ಗೆಟ್(ಡೆವ್, ನಲ್);
ಇಫ್ (ಇಸ್_ಎರ್(ಚಿಪ್->ಗಡಿಯಾರ))
    ಗೋಟು ಮಲಗಿಸು;
ರಿಟರ್ನ್ 0;
ಮಲಗಿಸು:
    ಚಿಪ್_ಮಲಗಿಸು(ಚಿಪ್);
    ರಿಟರ್ನ್ ರೆಟ್;

ಇದು ಪ್ರೋಬ್ ಫಂಕ್ಷನ್, ಅಂದರೆ ಹಾರ್ಡ್‌ವೇರ್ ಸಿಕ್ಕಾಗ ಡ್ರೈವರನ್ನು ಸಜ್ಜು ಮಾಡುವ ಜಾಗ. ಗಡಿಯಾರ ಎಂದರೆ ಚಿಪ್ಪಿಗೆ ತಾಳ ಕೊಡುವ ಕ್ಲಾಕ್. ಒಂದು ಕಾಗದ ತೆಗೆದುಕೊಂಡು ಗಡಿಯಾರ ಸಿಗದ ದಾರಿಯಲ್ಲಿ ಬೆರಳಿಟ್ಟು ನಡೆಯಿರಿ. ಮೊದಲ ಇಫ್ ದಾಟಿ ಬಂದಿದ್ದೇವೆ, ಆದ್ದರಿಂದ ರೆಟ್ ಖಂಡಿತ 0. ಗಡಿಯಾರ ಸಿಗಲಿಲ್ಲ. ರೆಟ್‌ಗೆ ಹೊಸ ಬೆಲೆ ಕೊಡದೆ ಮಲಗಿಸು ಎಂಬಲ್ಲಿಗೆ ಹಾರಿದೆವು. ಚಿಪ್ ಮಲಗಿತು. ಹಿಂದಿರುಗಿಸಿದ್ದು 0, ಅಂದರೆ “ಎಲ್ಲ ಸರಿಯಾಯಿತು”. ಕರ್ನೆಲ್ ನಂಬಿತು. ನಾಳೆ ಯಾರೋ ಡ್ರೈವರನ್ನು ಇಳಿಸುತ್ತಾರೆ. ಆಗ ಇಲ್ಲದ ಗಡಿಯಾರವನ್ನು ಹಿಂತಿರುಗಿಸಲು ಹೋಗಿ ಕರ್ನೆಲ್ ಎಡವುತ್ತದೆ. ಗೋಟು ಮುಂಚೆ ಪಿಟಿಆರ್_ಎರ್‌ನಿಂದ ರೆಟ್‌ಗೆ ಬೆಲೆ ತುಂಬಿಸುವುದು ಪರಿಹಾರ, ಒಂದೇ ಸಾಲು. ಆ ಸಾಲಿಗಿಂತ ಈ ನಡಿಗೆ ಮುಖ್ಯ. ಇದನ್ನೇ ನೀವು ಪ್ಯಾಚಿನ ಜೊತೆ ಬರೆಯಬೇಕಾಗುತ್ತದೆ.

ಪ್ರತಿ ವಾರ್ನಿಂಗಿಗೂ ಈ ಪ್ರಶ್ನೆಗಳನ್ನು ಹಾಕಿ. ಆ ದಾರಿಗೆ ನಿಜಕ್ಕೂ ಹೋಗಲು ಸಾಧ್ಯವೇ, ಅಥವಾ ಕರೆದವರೇ ಮೊದಲು ತಡೆದಿದ್ದಾರೆಯೇ? 0 ಹಿಂದಿರುಗಿಸಿದ್ದು ಬೇಕೆಂದೇ ಮಾಡಿದ್ದೇ? (ಕೆಲವು ವಿಫಲತೆ ಲೆಕ್ಕಕ್ಕಿಲ್ಲ, ಐಚ್ಛಿಕ ಭಾಗ ಸಿಗದಿದ್ದರೂ ಡ್ರೈವರ್ ಮುಂದುವರಿಯಬಹುದು.) ಗಿಟ್ ಬ್ಲೇಮ್ ತೋರಿಸುವ ಹಳೆಯ ಬದಲಾವಣೆಯ ಟಿಪ್ಪಣಿ ಏನು ಹೇಳುತ್ತದೆ? ಲಿನಕ್ಸ್-ನೆಕ್ಸ್ಟ್‌ನಲ್ಲಿ ಇದು ಆಗಲೇ ಸರಿಯಾಗಿದೆಯೇ?

ಇನ್ನೊಂದು ಗುಂಡಿಯಲ್ಲಿ ನಾನೂ ಬಿದ್ದಿದ್ದೇನೆ: ನಲ್ ಮತ್ತು ಎರರ್ ಪಾಯಿಂಟರ್. ವಿಫಲವಾದಾಗ ಕೆಲವು ಫಂಕ್ಷನ್ನುಗಳು ನಲ್ ಕೊಡುತ್ತವೆ, ಕೆಲವು ಎರರ್ ಸಂಖ್ಯೆಯನ್ನೇ ಪಾಯಿಂಟರಿನ ವೇಷ ಹಾಕಿ ಕಳಿಸುತ್ತವೆ. ವಿಳಾಸಗಳ ಕಟ್ಟಕಡೆಯ 4095 ಬೆಲೆಗಳನ್ನು ಅದಕ್ಕೆಂದೇ ಮೀಸಲಿಟ್ಟಿದ್ದಾರೆ. ಡೆವ್ಎಂ_ಐಒರೀಮ್ಯಾಪ್ ನಲ್ ಕೊಡುತ್ತದೆ. ಅದರ ಅಣ್ಣ ಡೆವ್ಎಂ_ಐಒರೀಮ್ಯಾಪ್_ರಿಸೋರ್ಸ್ ಎರರ್ ಪಾಯಿಂಟರ್ ಕೊಡುತ್ತದೆ. ಹೆಸರು ನೋಡಿ ಊಹಿಸಿದರೆ ಕೆಟ್ಟಿರಿ. ಇಸ್_ಎರ್ ಪರೀಕ್ಷೆಗೆ ನಲ್ ಸಿಕ್ಕಿಬೀಳುವುದಿಲ್ಲ, ನಲ್ ಪರೀಕ್ಷೆಗೆ ಎರರ್ ಪಾಯಿಂಟರ್ ಸಿಕ್ಕಿಬೀಳುವುದಿಲ್ಲ. ಪ್ರತಿ ಸಲವೂ ಆ ಫಂಕ್ಷನ್ನಿನ ಒಡಲನ್ನು ತೆರೆದು ಓದಿ.

ಹಾಗೆಯೇ, ಪರೀಕ್ಷೆ ಇಲ್ಲದ ಕಡೆಯೆಲ್ಲ ಪರೀಕ್ಷೆ ಸೇರಿಸುವ ಚಟ ಬೇಡ. ಮೆಮೊರಿ ಬಿಡುಗಡೆ ಮಾಡುವ ಕೆಫ್ರೀಗೆ ನಲ್ ಕೊಟ್ಟರೆ ಏನೂ ಆಗುವುದಿಲ್ಲ, ಮುಂಚೆ ಇಫ್ ಬೇಕಿಲ್ಲ. ಡೀಬಗ್ ಮಾಹಿತಿ ತೋರಿಸುವ ಡೀಬಗ್ಎಫ್ಎಸ್ ಫಂಕ್ಷನ್ನುಗಳ ಉತ್ತರವನ್ನು ಪರೀಕ್ಷಿಸಬಾರದು ಎಂಬುದೇ ಅದರ ವಿನ್ಯಾಸ. ಅಲ್ಲಿ ಪರೀಕ್ಷೆ ಸೇರಿಸಿದ ಪ್ಯಾಚುಗಳು ಪದೇ ಪದೇ ಬರುತ್ತವೆ, ಪದೇ ಪದೇ ವಾಪಸಾಗುತ್ತವೆ.

ಹಂತ 6: ಕಾಕ್ಸಿನೆಲ್

ಫ್ರೆಂಚಿನಲ್ಲಿ ಕಾಕ್ಸಿನೆಲ್ ಎಂದರೆ ಕೆಂಪು ಮೈಗೆ ಕಪ್ಪು ಚುಕ್ಕೆಯ, ಬೆಳೆಯ ಹೇನು ತಿಂದು ರೈತನಿಗೆ ಉಪಕಾರ ಮಾಡುವ ಪುಟ್ಟ ದುಂಬಿ. ಬಗ್ ತಿನ್ನುವ ಹುಳು, ಹೆಸರು ಸರಿಯಾಗಿಯೇ ಇದೆ. ಫ್ರಾನ್ಸಿನಲ್ಲಿ ಜೂಲಿಯಾ ಲಾವಾಲ್ ಮತ್ತು ಸಂಗಡಿಗರು ಬೆಳೆಸಿದ ಟೂಲ್ ಇದು.

ಇದರ ಹೆಚ್ಚುಗಾರಿಕೆ ಎರಡು. ನಿಮ್ಮದೇ ನಿಯಮ ಬರೆಯಬಹುದು, ಮತ್ತು ಅದು ತಪ್ಪು ತೋರಿಸುವುದಷ್ಟೇ ಅಲ್ಲ, ತಿದ್ದಿಯೂ ಕೊಡುತ್ತದೆ. ಮೆಮೊರಿ ಪಡೆದು ಆಮೇಲೆ ಸೊನ್ನೆ ತುಂಬಿಸುವ ಬದಲು, ಸೊನ್ನೆ ತುಂಬಿದ ಮೆಮೊರಿಯನ್ನೇ ಪಡೆಯಬೇಕು ಎಂಬ ನಿಯಮದ ತಿರುಳು ಹೀಗಿರುತ್ತದೆ:

- ಎ = ಕೆಎಂಅಲಾಕ್(ಅಳತೆ, ಬಾವುಟ);
+ ಎ = ಕೆಝಡ್‌ಅಲಾಕ್(ಅಳತೆ, ಬಾವುಟ);
  ...
- ಮೆಮ್‌ಸೆಟ್(ಎ, 0, ಅಳತೆ);

ಎ, ಅಳತೆ, ಬಾವುಟ ಇವು ಖಾಲಿ ಜಾಗಗಳು, ಯಾವ ಹೆಸರು ಬೇಕಾದರೂ ಕೂರಬಹುದು. ಮೂರು ಚುಕ್ಕೆ ಎಂದರೆ ನಡುವೆ ಏನಾದರೂ ಇರಲಿ. ಪ್ಯಾಚ್ ಓದಲು ಬರುವವರಿಗೆ ಇದನ್ನು ಓದಲೂ ಬರುತ್ತದೆ. ಆದರೆ ಆ ಮೂರು ಚುಕ್ಕೆಯಲ್ಲಿ ಎಚ್ಚರ ಬೇಕು: ನಡುವೆ ಯಾರಾದರೂ ಎ ಒಳಗೆ ಏನನ್ನೋ ಬರೆದಿದ್ದರೆ, ಮೆಮ್‌ಸೆಟ್ ಅಳಿಸಿದಾಗ ಅರ್ಥವೇ ಬದಲಾಗುತ್ತದೆ.

ಕರ್ನೆಲ್ಲಿನ ಜೊತೆಗೇ ಸಿದ್ಧ ನಿಯಮಗಳ ಗಂಟು ಬರುತ್ತದೆ. ಓಡಿಸಲು:

ಮೇಕ್ ಕಾಕ್ಸಿಚೆಕ್ ಮೋಡ್=ರಿಪೋರ್ಟ್ ಎಂ=ಡ್ರೈವರ್ಸ್/ಐಐಒ/

ಮೋಡ್, ಎಂ ಎರಡೂ ದೊಡ್ಡಕ್ಷರ. ರಿಪೋರ್ಟ್ ಬದಲು ಪ್ಯಾಚ್ ಎಂದರೆ ತಿದ್ದಿದ ರೂಪವನ್ನೇ ಕೊಡುತ್ತದೆ. ಅದನ್ನು ಓದದೆ ಹಾಗೇ ಕಳಿಸುವವರಿಂದಾಗಿಯೇ ಕೆಲವು ಮೇಂಟೇನರುಗಳಿಗೆ ಈ ಟೂಲಿನ ಹೆಸರು ಕೇಳಿದರೆ ಮೈ ಉರಿಯುತ್ತದೆ. ಕಾಕ್ಸಿನೆಲ್ ಸೋರ್ಸನ್ನು ಕಂಪೈಲ್ ಮಾಡದೆ ನೇರ ಓದುತ್ತದೆ. ಆದ್ದರಿಂದ ನಿಮ್ಮ ಕಾನ್ಫಿಗ್‌ನಲ್ಲಿಲ್ಲದ ಫೈಲುಗಳೂ ಅದಕ್ಕೆ ಕಾಣುತ್ತವೆ. ಆದರೆ ತೊಡಕಿನ ಮ್ಯಾಕ್ರೋ ತುಂಬಿದ ಫಂಕ್ಷನ್ ಸಿಕ್ಕರೆ ಅರ್ಥವಾಗದೆ ಸುಮ್ಮನೆ ದಾಟಿಹೋಗುವುದೂ ಉಂಟು.

ಹಂತ 7: ಚೆಕ್‌ಪ್ಯಾಚ್

ಇದು ತಪ್ಪು ಹುಡುಕುವ ಟೂಲಲ್ಲ, ಬರವಣಿಗೆಯ ಶಿಸ್ತು ನೋಡುವ ಪರ್ಲ್ ಸ್ಕ್ರಿಪ್ಟ್. ನಿಮ್ಮ ಪ್ಯಾಚಿನ ಮೇಲೆ ಓಡಿಸಿ. ಹಳೆಯ ಫೈಲುಗಳ ಮೇಲೆ ಓಡಿಸಿ ಖಾಲಿ ಜಾಗ, ಬ್ರೇಸು ತಿದ್ದಿ ಕಳಿಸಬೇಡಿ. ಕಲಿಯಲೆಂದು ಅಂಥದ್ದೇ ಮಾಡಬೇಕಿದ್ದರೆ ಡ್ರೈವರ್ಸ್ ಒಳಗಿನ ಸ್ಟೇಜಿಂಗ್ ಫೋಲ್ಡರ್ ಇದೆ, ಅಲ್ಲಿ ಸ್ವಾಗತವಿದೆ.

ಹಂತ 8: ಪ್ಯಾಚ್ ಕಳಿಸುವುದು

ಟಿಪ್ಪಣಿಯಲ್ಲಿ “ಸ್ಮ್ಯಾಚ್ ವಾರ್ನಿಂಗ್ ಸರಿಮಾಡಿದೆ” ಎಂದಷ್ಟೇ ಬರೆದರೆ ನೀವು ಟೂಲಿಗೆ ಗುಮಾಸ್ತರಾದಂತೆ. ತಪ್ಪು ಏನು, ಯಾವ ದಾರಿಯಲ್ಲಿ ಆಗುತ್ತದೆ, ಆದರೆ ಏನು ಕೆಡುತ್ತದೆ, ಹೇಗೆ ಸರಿಮಾಡಿದಿರಿ, ಇಷ್ಟನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಟೂಲಿನ ಹೆಸರನ್ನೂ ಬರೆಯಿರಿ, ಮುಚ್ಚಿಡುವುದು ಬೇಡ. ಹಾರ್ಡ್‌ವೇರ್ ಇಲ್ಲದಿದ್ದರೆ “ಕಂಪೈಲ್ ಮಾಡಿ ಮಾತ್ರ ನೋಡಿದ್ದೇನೆ” ಎಂದು ಪ್ರಾಮಾಣಿಕವಾಗಿ ಹೇಳಿ. ಅದರಲ್ಲಿ ಅವಮಾನವಿಲ್ಲ.

ತಪ್ಪು ತಂದ ಮೂಲ ಬದಲಾವಣೆಯ ಗುರುತಿನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆಯನ್ನು ಫಿಕ್ಸಸ್ ಸಾಲಿನಲ್ಲಿ ಕೊಡಿ. ಹಳೆಯ ಸ್ಥಿರ ಆವೃತ್ತಿಗಳಿಗೆ ನಿಮ್ಮ ಪರಿಹಾರ ಹೋಗಬೇಕೇ ಎಂದು ನಿರ್ಧರಿಸುವವರು ಇದನ್ನು ನೋಡುತ್ತಾರೆ. ಪ್ಯಾಚಿನ ಹೊಣೆ ಹೊತ್ತು ಸಹಿ ಹಾಕುವ ಸೈನ್ಡ್-ಆಫ್-ಬೈ ಸಾಲಿನಲ್ಲಿ ಗೇಮಿನ ಅಡ್ಡಹೆಸರು ಬೇಡ, ನಿಮ್ಮ ಹೆಸರಿರಲಿ. ಯಾರಿಗೆ ಕಳಿಸಬೇಕೆಂದು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ಜಿಮೇಲ್ ಕಿಟಕಿಯಲ್ಲಿ ಅಂಟಿಸಿದರೆ ಟ್ಯಾಬುಗಳು ಕೆಟ್ಟು ಪ್ಯಾಚ್ ಹತ್ತುವುದಿಲ್ಲ. ಗಿಟ್ ಸೆಂಡ್-ಇಮೇಲ್ ಬಳಸಿ, ಜಿಮೇಲ್ ಖಾತೆಯಲ್ಲಿ ಅದಕ್ಕೆಂದು ಆಪ್ ಪಾಸ್‌ವರ್ಡ್ ಮಾಡಿಕೊಳ್ಳಿ. ಮೊದಲು ನಿಮಗೆ ನೀವೇ ಕಳಿಸಿಕೊಂಡು ನೋಡಿ.

ಉತ್ತರಕ್ಕೆ ಎರಡು ವಾರ ಕಾಯಿರಿ. ಕರ್ನೆಲ್ಲಿನ ಹೊಸ ಆವೃತ್ತಿ 9-10 ವಾರಕ್ಕೊಮ್ಮೆ ಬರುತ್ತದೆ. ಅದರಲ್ಲಿ ಮೊದಲ ಎರಡು ವಾರ ಮರ್ಜ್ ವಿಂಡೋ, ಅಂದರೆ ಹೊಸ ಬದಲಾವಣೆಗಳನ್ನು ಮುಖ್ಯ ಮರಕ್ಕೆ ಸೇರಿಸುವ ಹೊತ್ತು, ಮೇಂಟೇನರುಗಳಿಗೆ ಸುಗ್ಗಿಯ ಕಾಲ. ಆಗ ಕಳಿಸಿ “ಏನಾಯ್ತು” ಎಂದು ಕೇಳಿದರೆ ರಾಶಿ ಮಾಡುವವನ ಮುಂದೆ ನಿಂತು ಸಾಲ ಕೇಳಿದ ಹಾಗೆ.

ಮನುಷ್ಯರಿಗಿಂತ ಮೊದಲು ಉತ್ತರಿಸುವುದು ಕರ್ನೆಲ್ ಟೆಸ್ಟ್ ರೋಬಾಟ್ ಇರಬಹುದು. ಮೇಲಿಂಗ್ ಲಿಸ್ಟಿಗೆ ಬಂದ ಪ್ಯಾಚುಗಳನ್ನು ತಾನೇ ಕಂಪೈಲ್ ಮಾಡಿ, ಇವೇ ಟೂಲುಗಳನ್ನು ಹಲವು ಕಾನ್ಫಿಗ್‌ಗಳಲ್ಲಿ ಓಡಿಸಿ, ಹೊಸ ವಾರ್ನಿಂಗ್ ಹುಟ್ಟಿದ್ದರೆ ಮೇಲ್ ಹಾಕುತ್ತದೆ. ಹೆದರಬೇಡಿ, ಹಳೆಯ ಹುಲಿಗಳಿಗೂ ಆ ಮೇಲ್ ಬರುತ್ತದೆ. ಎರಡನೇ ಆವೃತ್ತಿ ಕಳಿಸುವಾಗ ಶೀರ್ಷಿಕೆಯಲ್ಲಿ ವಿ2 ಇರಲಿ. ಏನು ಬದಲಾಯಿತು ಎಂಬುದನ್ನು ಮೂರು ಅಡ್ಡಗೆರೆಯ ಕೆಳಗೆ ಬರೆಯಿರಿ, ಅಲ್ಲಿ ಬರೆದದ್ದು ಇತಿಹಾಸಕ್ಕೆ ಸೇರುವುದಿಲ್ಲ. ಮೇಂಟೇನರ್ ಪ್ರಶ್ನೆ ಕೇಳಿದ್ದರೆ ಎಲ್ಲರಿಗೂ ಹೋಗುವಂತೆ, ಅವರ ಪ್ರಶ್ನೆಯ ಸಾಲಿನ ಕೆಳಗೇ ಉತ್ತರಿಸಿ. “ಸ್ಮ್ಯಾಚ್ ಹಾಗೆ ಹೇಳಿತು” ಎಂಬುದು ಉತ್ತರವಲ್ಲ; ಹಂತ 5ರಲ್ಲಿ ಬೆರಳಿಟ್ಟು ನಡೆದ ಆ ಕಾಗದ ಆಗ ಎದುರಿಗಿರಲಿ.